"ಅಣ್ಣಾ, ಲಾಸ್ಟ್ ಎಷ್ಟು?" ಅಂತ ಮಾತ್ರ ಕೇಳೋರಿಗೆ

1/10

ಫೇರ್‌ವೆಲ್ ಸೀಸನ್ ಶುರುವಾಯ್ತು. ಕ್ಲಾಸ್ ಗ್ರೂಪಲ್ಲಿ ತಲೆಗಿಷ್ಟು ಅಂತ ದುಡ್ಡು ಎತ್ತೋದೂ ಶುರು. ಸ್ಟೇಜು, ಶಾಮಿಯಾನ, ಸೌಂಡು, ಲೈಟು, ಜನರೇಟರ್, ಇನ್ನೂರು ಕುರ್ಚಿ. ಯಾರೋ ಒಬ್ಬ ಮುಂದೆ ಬಂದು "ನಂಗೊಬ್ರು ಗೊತ್ತು ಕಣ್ರೋ, ನಾನ್ ಮಾತಾಡ್ತೀನಿ ಬಿಡಿ" ಅಂತಾನೆ. ಫೋನ್ ಮಾಡ್ತಾನೆ. ಕೇಳೋದು ಒಂದೇ ಪ್ರಶ್ನೆ.

"ಅಣ್ಣಾ, ಲಾಸ್ಟ್ ಎಷ್ಟು?"

ಆ ಕಡೆಯಿಂದ ಒಂದು ನಂಬರ್ ಬರುತ್ತೆ. ಇವನು ಎರಡು ಸಾವಿರ ಇಳಿಸ್ತಾನೆ. ಗ್ರೂಪಲ್ಲಿ ಎಲ್ಲರೂ ಬೆಂಕಿ ಎಮೋಜಿ ಹಾಕ್ತಾರೆ. ಬುಕಿಂಗ್ ಆಯ್ತು, ಕೆಲಸ ಮುಗೀತು.

ನನ್ನ ಜಗಳ ಇರೋದು ಈ ಒಂದು ಪ್ರಶ್ನೆ ಜೊತೆ.

ಹನ್ನೆರಡು ಸಾವಿರದ ಫೋನ್ ತಗೊಳ್ಳೋಕೆ ವಾರಗಟ್ಟಲೆ ರಿವ್ಯೂ ನೋಡೋರು ನೀವು. ಬ್ಯಾಟರಿ ಎಷ್ಟು, ಪ್ರೊಸೆಸರ್ ಯಾವುದು ಅಂತ ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತೀರಾ. ಆದ್ರೆ ಮುನ್ನೂರು ಜನರ ತಲೆ ಮೇಲೆ ನಿಲ್ಲೋ ಕಬ್ಬಿಣದ ಪೈಪು, ಸುತ್ತ ಕಟ್ಟೋ ಬಟ್ಟೆ, ಕಾಲಡಿ ಹಾಯೋ ಕರೆಂಟ್ ವೈರು ಯಾರದು, ಎಷ್ಟು ಹಳೇದು, ಕಟ್ಟೋರು ಯಾರು ಅಂತ ಒಬ್ಬರೂ ಕೇಳಲ್ಲ. ಕೇಳಿದವನನ್ನ "ಓವರ್ ಮಾಡ್ಬೇಡ ಗುರು" ಅಂತ ಸುಮ್ಮನಿರಿಸ್ತೀರಾ.

ಈ ಸೀರೀಸ್ ಹತ್ತು ಭಾಗ ಇದೆ. ಫೇರ್‌ವೆಲ್, ಫೆಸ್ಟ್, ಏರಿಯಾ ಗಣೇಶ, ರಾಜ್ಯೋತ್ಸವ, ಅಕ್ಕನ ಅರಿಶಿನ ಶಾಸ್ತ್ರ, ಏನೇ ಇರಲಿ, ಸಾಮಾನು ಬಾಡಿಗೆಗೆ ತರೋ ಎಲ್ಲರಿಗೂ ಇದು. ನಿಮಗೆ ಬೇಜಾರಾಗುತ್ತೆ ಅಂತ ಗೊತ್ತಿದ್ದೇ ಬರೀತಿದೀನಿ. ಬೇಜಾರಾದ್ರೂ ಪೂರ್ತಿ ಓದಿ.

2/10

ಮೊದಲು "ಏನೂ ಆಗಲ್ಲ ಬಿಡು" ಅನ್ನೋ ಮಾತನ್ನ ನೋಡೋಣ. ಈ ಮಾತು ಹೇಳೋರಿಗೆ ಮೂರು ಊರಿನ ಹೆಸರು ಗೊತ್ತಿರಬೇಕು.

ಸೂರಣಗಿ. ಗದಗ ಜಿಲ್ಲೆ, ಲಕ್ಷ್ಮೇಶ್ವರ ತಾಲ್ಲೂಕು. 2024ರ ಜನವರಿ 8, ನಟ ಯಶ್ ಹುಟ್ಟುಹಬ್ಬ. ಮಧ್ಯರಾತ್ರಿ ಅಭಿಮಾನಿ ಹುಡುಗರು ದೊಡ್ಡ ಕಟೌಟ್ ಎತ್ತಿ ನಿಲ್ಲಿಸೋಕೆ ಹೋದ್ರು. ಅದರ ಲೋಹದ ಫ್ರೇಮು ಮೇಲೆ ಹಾದು ಹೋಗಿದ್ದ ವಿದ್ಯುತ್ ತಂತಿಗೆ ತಾಗಿತು. ಮೂವರು ಯುವಕರು ಸತ್ತರು. ಹೆಚ್ಚುಕಮ್ಮಿ ನಮ್ಮ ವಯಸ್ಸಿನವರೇ.

ಡಬ್ವಾಲಿ. ಹರಿಯಾಣದ ಸಿರ್ಸಾ ಜಿಲ್ಲೆ. 1995ರ ಡಿಸೆಂಬರ್ 23, ಶಾಲೆಯೊಂದರ ಬಹುಮಾನ ವಿತರಣೆ ಕಾರ್ಯಕ್ರಮ. ಮೇಲೆ ಕಟ್ಟಿದ್ದ ಸಿಂಥೆಟಿಕ್ ಬಟ್ಟೆಗೆ ಬೆಂಕಿ ಹಿಡೀತು. ಉರಿಯೋ ಬಟ್ಟೆ ಕರಗಿ ಕೆಳಗೆ ಕೂತಿದ್ದವರ ಮೇಲೇ ಬಿತ್ತು. ಹೊರಗೆ ಓಡೋಕೆ ದಾರಿ ಸಾಲಲಿಲ್ಲ. ಸತ್ತವರು 400ಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು.

ಮೀರತ್. 2006ರ ಏಪ್ರಿಲ್ 10, ವಿಕ್ಟೋರಿಯಾ ಪಾರ್ಕಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನುಗಳ ಮೇಳ. ತಾತ್ಕಾಲಿಕವಾಗಿ ಕಟ್ಟಿದ್ದ ಪೆಂಡಾಲ್‌ಗಳಿಗೆ ಬೆಂಕಿ ಬಿದ್ದು 65 ಜನ ಸತ್ತರು.

ಈ ಮೂರರಲ್ಲಿ ಯಾವುದೂ ಯುದ್ಧ ಅಲ್ಲ, ಭೂಕಂಪ ಅಲ್ಲ. ಒಂದು ಬರ್ತ್‌ಡೇ, ಒಂದು ಸ್ಕೂಲ್ ಡೇ, ಒಂದು ಮೇಳ. ಅಲ್ಲೂ ಹಿಂದಿನ ದಿನ ಯಾರೋ ಒಬ್ಬ "ಏನೂ ಆಗಲ್ಲ ಬಿಡು" ಅಂದಿರ್ತಾನೆ ಅಂತ ಊಹಿಸೋಕೆ ಕಷ್ಟ ಇಲ್ಲ. ನಾವು ದಿನಾ ಅನ್ನೋ ಮಾತೇ ತಾನೇ ಅದು.

ಕರೆಂಟು, ಕಬ್ಬಿಣ, ಬಟ್ಟೆ, ಜನಸಂದಣಿ. ನಮ್ಮ ಫೇರ್‌ವೆಲ್‌ಗೂ ಈ ನಾಲ್ಕೇ ಸಾಮಾನು. ಬೇರೆ ಏನೂ ಇಲ್ಲ.

3/10

"ಏನಾದ್ರೂ ಆದ್ರೆ ಶಾಮಿಯಾನದವನು ನೋಡ್ಕೋತಾನೆ, ನಮಗೇನು?"

ಇದು ಎರಡನೇ ಸುಳ್ಳು.

ಮೀರತ್ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಮೇಳ ನಡೆಸಿದವರ ವಾದ ಏನು ಗೊತ್ತಾ? ಪೆಂಡಾಲ್, ಕರೆಂಟು ಎಲ್ಲಾ ಕಾಂಟ್ರ್ಯಾಕ್ಟರ್‌ಗೆ ಕೊಟ್ಟಿದ್ವಿ, ಜವಾಬ್ದಾರಿ ಅವನದು ಅಂತ. 2022ರಲ್ಲಿ ಕೋರ್ಟ್ ಅದನ್ನ ಒಪ್ಪಲಿಲ್ಲ. ಪರಿಹಾರದ ಹೊಣೆಯನ್ನ ಆಯೋಜಕರಿಗೆ 60 ಪಾಲು, ರಾಜ್ಯ ಸರ್ಕಾರಕ್ಕೆ 40 ಪಾಲು ಅಂತ ಹಂಚಿತು.

ಅರ್ಥ ಆಯ್ತಾ? ಜನರನ್ನ ಕರೆದವನು ನೀನು. ಇನ್ವಿಟೇಷನ್ ಮೇಲೆ ಹೆಸರು ನಿಂದು. ಕಾಂಟ್ರ್ಯಾಕ್ಟ್ ಕೊಟ್ಟ ತಕ್ಷಣ ಕೈ ತೊಳ್ಕೊಂಡೆ ಅನ್ನೋ ಹಾಗಿಲ್ಲ.

ಹಾಗಂತ ಬಾಡಿಗೆ ಕೊಟ್ಟವನೂ ಬಚಾವ್ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 150ನೇ ಸೆಕ್ಷನ್ ನೋಡಿ. ಬಾಡಿಗೆಗೆ ಕೊಟ್ಟ ವಸ್ತುವಿನಲ್ಲಿ ದೋಷ ಇದ್ದು, ಅದರಿಂದ ಬಾಡಿಗೆಗೆ ತಗೊಂಡವನಿಗೆ ನಷ್ಟ ಆದ್ರೆ ಕೊಟ್ಟವನೇ ಹೊಣೆ. ಆ ದೋಷ ಅವನಿಗೆ ಗೊತ್ತಿತ್ತೋ ಇಲ್ಲವೋ ಅನ್ನೋದು ಲೆಕ್ಕಕ್ಕಿಲ್ಲ. "ನಂಗೇನು ಗೊತ್ತು ಸಾರ್, ವೈರ್ ಒಳಗೆ ಕಟ್ ಆಗಿತ್ತು" ಅಂದ್ರೆ ನಡೆಯಲ್ಲ. ಫ್ರೆಂಡ್ ಪುಕ್ಕಟೆ ಕೊಟ್ಟ ಸ್ಪೀಕರ್‌ಗೆ ಇಷ್ಟು ಕಠಿಣ ನಿಯಮ ಇಲ್ಲ, ಅವನಿಗೆ ಗೊತ್ತಿದ್ದ ದೋಷಕ್ಕೆ ಮಾತ್ರ ಅವನು ಹೊಣೆ. ದುಡ್ಡು ತಗೊಂಡು ಕೊಟ್ಟಿದ್ದಕ್ಕೆ ಹೊಣೆ ಜಾಸ್ತಿ. ನೂರೈವತ್ತು ವರ್ಷಕ್ಕೂ ಹಳೇ ಕಾನೂನು ಇದು.

ಪಿಯು ಜೂನಿಯರ್ಸ್, ನಿಮಗೊಂದು ಮಾತು. 18 ತುಂಬದವರು ಮಾಡಿದ ಕರಾರಿಗೆ ಕಾನೂನಲ್ಲಿ ಬೆಲೆ ಇಲ್ಲ. ನೀವು ಸೈನ್ ಹಾಕಿದ ಕೊಟೇಷನ್ ಹಿಡ್ಕೊಂಡು ನಾಳೆ ಕೇಳೋಕಾಗಲ್ಲ. ಲೆಕ್ಚರರ್ ಕೈಲೋ ದೊಡ್ಡವರ ಕೈಲೋ ಸೈನ್ ಹಾಕಿಸಿ.

4/10

ಈಗ ಕರೆಂಟು. ಇದು ಉದ್ದ ಇದೆ, ಆದ್ರೆ ಇದನ್ನ ಮಾತ್ರ ಸ್ಕಿಪ್ ಮಾಡ್ಬೇಡಿ.

ಶಾಮಿಯಾನದ ಕಂಬ ಕಬ್ಬಿಣದ್ದು. ಅದಕ್ಕೆ ಸೀರಿಯಲ್ ಸೆಟ್ ಸುತ್ತುತ್ತಾರೆ. ವೈರಿನ ಸಿಪ್ಪೆ ಎಲ್ಲೋ ಒಂದು ಕಡೆ ಸುಲಿದಿದ್ರೆ ಸಾಕು, ಆ ಕಂಬಕ್ಕೆ ತಾಗಿಕೊಂಡ ಇಡೀ ಕಬ್ಬಿಣದ ಚೌಕಟ್ಟಿಗೇ ಕರೆಂಟ್ ಬರುತ್ತೆ. ಮಳೆ ಬಂದು ನೆಲ ಒದ್ದೆ ಆದ್ರೆ ಇನ್ನೂ ಕೆಟ್ಟದು. ಫೋಟೋಗೆ ಅಂತ ಕಂಬಕ್ಕೆ ಒರಗಿ ನಿಲ್ಲೋದು ನಾವೇ.

"ಎಂಸಿಬಿ ಇದೆ, ಟ್ರಿಪ್ ಆಗುತ್ತೆ" ಅಂತಾರೆ. ಕೇಳಿ, ಎಂಸಿಬಿ ಇರೋದು ವೈರನ್ನ ಉಳಿಸೋಕೆ. ಲೋಡ್ ಜಾಸ್ತಿ ಆದಾಗ, ಶಾರ್ಟ್ ಆದಾಗ ಬೀಳುತ್ತೆ. ಮನುಷ್ಯನ ಪ್ರಾಣ ಹೋಗೋಕೆ ಅಷ್ಟು ಕರೆಂಟ್ ಬೇಕಾಗಿಲ್ಲ. ಮನುಷ್ಯನನ್ನ ಉಳಿಸೋಕೆ ಇರೋದು ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದ್ರೆ ಕಣ್ಣು ಮಿಟುಕಿಸೋದ್ರೊಳಗೆ ಕಟ್ ಮಾಡುತ್ತೆ. ಅದರ ಮೇಲೆ 'ಟಿ' ಅಂತ ಒಂದು ಬಟನ್ ಇರುತ್ತೆ. ಸಪ್ಲೈ ಇದ್ದಾಗ ಒತ್ತಿದ್ರೆ ಬೀಳಬೇಕು. ಬೀಳಲಿಲ್ಲ ಅಂದ್ರೆ ಅದು ಶೋಗೆ ಇಟ್ಟಿರೋ ಡಬ್ಬಿ ಅಷ್ಟೇ.

ಲೆಕ್ಕನೂ ಮಾಡಿ. ಕ್ಲಾಸ್‌ರೂಮಿನ ಸಣ್ಣ ಸಾಕೆಟ್ 6 ಆಂಪ್. 230 ವೋಲ್ಟ್‌ಗೆ ಗುಣಿಸಿದ್ರೆ 1380 ವ್ಯಾಟ್. 500 ವ್ಯಾಟಿನ ಹ್ಯಾಲೊಜನ್ ನಾಲ್ಕು ಹಾಕಿದ್ರೆ 2000. ಎಕ್ಸ್‌ಟೆನ್ಷನ್ ಬಾಕ್ಸ್ ಯಾಕೆ ಬಿಸಿ ಆಗಿ ಕರಗುತ್ತೆ ಅಂತ ಇನ್ಮೇಲೆ ಕೇಳ್ಬೇಡಿ. ಜನರೇಟರಲ್ಲೂ ಅಷ್ಟೇ. 15 ಕೆವಿಎ ಅಂದ್ರೆ 15 ಕಿಲೋವ್ಯಾಟ್ ಅಲ್ಲ, 0.8 ಪವರ್ ಫ್ಯಾಕ್ಟರ್ ಹಿಡಿದ್ರೆ 12.

ಕೇಳಬೇಕಾದ್ದು ಇಷ್ಟೇ: ಆರ್‌ಸಿಸಿಬಿ ಇರೋ ಬೋರ್ಡ್ ತರ್ತೀರಾ? ಜನರೇಟರ್‌ಗೆ, ಕಂಬಕ್ಕೆ ಅರ್ಥಿಂಗ್ ಮಾಡ್ತೀರಾ? ವೈರಲ್ಲಿ ಟೇಪ್ ಸುತ್ತಿರೋ ಜಾಯಿಂಟ್ ಎಷ್ಟಿದೆ? ಎಲೆಕ್ಟ್ರಿಷಿಯನ್ ಪ್ರೋಗ್ರಾಂ ಮುಗಿಯೋವರೆಗೂ ಇರ್ತಾರಾ? ಕಾರ್ಯಕ್ರಮಕ್ಕೆ ಕಂಬದಿಂದ ನೇರ ಕೊಕ್ಕೆ ಹಾಕೋ ಮಾತಾಡಿದವನ ಫೋನ್ ಅಲ್ಲೇ ಕಟ್ ಮಾಡಿ. ತಾತ್ಕಾಲಿಕ ಕನೆಕ್ಷನ್ ಬೇಕಾದ್ರೆ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ನಿಮ್ಮ ಕಡೆ ಯಾವುದೋ ಅಲ್ಲಿ ಅರ್ಜಿ ಹಾಕಿ ತಗೋಬಹುದು.

5/10

ಕಬ್ಬಿಣ ಮತ್ತು ಬಟ್ಟೆ.

ನಮ್ಮ ಫೇರ್‌ವೆಲ್ ಬರೋದು ಏಪ್ರಿಲ್, ಮೇ ತಿಂಗಳಲ್ಲಿ. ಅಜ್ಜಿಯಂದಿರನ್ನ ಕೇಳಿ ನೋಡಿ, ಅದು ಅಶ್ವಿನಿ, ಭರಣಿ ಮಳೆ ಕಾಲ. ಮಧ್ಯಾಹ್ನದವರೆಗೂ ಸುಡುಬಿಸಿಲು, ಸಂಜೆ ನಾಲ್ಕಕ್ಕೆ ಮೋಡ, ಐದಕ್ಕೆ ಬಿರುಗಾಳಿ, ಆಲಿಕಲ್ಲು. ನಮ್ಮ ಕಲ್ಚರಲ್ಸ್ ಸರಿಯಾಗಿ ಐದಕ್ಕೇ ಶುರು.

ಗಾಳಿ ಬಂದಾಗ ಶಾಮಿಯಾನ ಹಾಯಿ ತರ ಉಬ್ಬುತ್ತೆ. ಗೂಟ ಎಷ್ಟು ಆಳ ಹೊಡೆದಿದ್ದಾರೆ, ಹಗ್ಗ ಯಾವ ಸ್ಥಿತೀಲಿದೆ ಅನ್ನೋದರ ಮೇಲೆ ಎಲ್ಲಾ ನಿಂತಿರುತ್ತೆ. ಬ್ಯಾಸ್ಕೆಟ್‌ಬಾಲ್ ಕೋರ್ಟಲ್ಲಿ ಗೂಟ ಹೊಡೆಯೋಕಾಗಲ್ಲ. ಅಲ್ಲಿ ಮರಳುಮೂಟೆನೋ ನೀರಿನ ಡ್ರಮ್ಮೋ ಕಟ್ಟಬೇಕು. "ಪಕ್ಕದ ಲೈಟ್ ಕಂಬಕ್ಕೇ ಕಟ್ತೀವಿ ಬಿಡಿ" ಅಂದ್ರೆ ಬೇಡ ಅನ್ನಿ. ಮಳೆನೀರು ಬಟ್ಟೆ ಮಧ್ಯದಲ್ಲಿ ನಿಂತು ಜೋತುಬಿದ್ರೆ ಅದರ ತೂಕ ಎಷ್ಟು ಗೊತ್ತಾ? ಒಂದು ಲೀಟರ್ ನೀರು ಒಂದು ಕೆಜಿ. ಐದು ಬಿಂದಿಗೆ ಅಲ್ಲ, ಐವತ್ತು ಬಿಂದಿಗೆ ನೀರು ಅಲ್ಲಿ ಸೇರಬಹುದು. ಹಾಗಾಗಿ ಇಳಿಜಾರು ಕೊಟ್ಟು ಕಟ್ತೀರಾ ಅಂತ ಕೇಳಿ.

ಎಲ್‌ಇಡಿ ವಾಲ್, ಲೈಟಿನ ಟ್ರಸ್ ಇನ್ನೂ ಭಾರ. ಬೇಸ್ ಪ್ಲೇಟ್ ಇಲ್ಲದೆ, ಮಣ್ಣಿನ ಮೇಲೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಟ್ರಸ್ ಕೆಳಗೆ ಡ್ಯಾನ್ಸ್ ಮಾಡೋಕೆ ನಾನಂತೂ ನನ್ನ ತಂಗಿನ ಕಳಿಸಲ್ಲ. ನಿಮ್ಮ ತಂಗಿನ ಕಳಿಸ್ತೀರಾ?

ಡಬ್ವಾಲಿ ನೆನಪಿಟ್ಕೊಳ್ಳಿ. ಮೂರು ಕಡೆ ಸೈಡ್‌ವಾಲ್ ಕಟ್ಟಿ, ನಾಲ್ಕನೇ ಕಡೆ ಸ್ಟೇಜ್ ಇಟ್ಟು, ಒಂದು ಕಮಾನಿನ ಬಾಗಿಲು ಬಿಡೋದು "ಲುಕ್" ಅಲ್ಲ. ಎದುರುಬದುರು ಎರಡು ದಾರಿ ಬೇಕೇ ಬೇಕು. ಅಲ್ಲಿ ಬೈಕ್, ಕುರ್ಚಿ ಯಾವುದೂ ನಿಲ್ಲಬಾರದು. ಒಳಗೆ ಓಡೋ ದಾರಿಯಲ್ಲಿ ವೈರ್ ಹಾಯಬಾರದು. ಅಡುಗೆ ಒಲೆ, ಸಿಲಿಂಡರ್ ಬಟ್ಟೆಯಿಂದ ದೂರ. ಬಲೂನಲ್ಲಿ ಹೀಲಿಯಂ ಇದೆಯೋ ಹೈಡ್ರೋಜನ್ನೋ ಕೇಳಿ. ಹೈಡ್ರೋಜನ್ ಅಗ್ಗ, ಆದ್ರೆ ಹೊತ್ತಿಕೊಳ್ಳುತ್ತೆ. 'ಕೋಲ್ಡ್ ಪೈರೋ' ಅನ್ನೋ ಹೆಸರಲ್ಲಿ ಕೋಲ್ಡ್ ಇದೆ ಅಷ್ಟೇ, ಅದರ ಕಿಡಿಯೂ ಕಿಡಿಯೇ. ಶಾಮಿಯಾನದ ಬಟ್ಟೆ ಕೆಳಗೆ ಅದು ಬೇಡ.

6/10

ಈಗ ನಂಬಿಕೆ ವಿಷಯ. ನಾವು ಯಾರನ್ನ ನಂಬ್ತೀವಿ?

ಒಂದು, "ಪರಿಚಯದವ್ರು". ಸೀನಿಯರ್ ಹೇಳಿದ, ಮಾವನ ಫ್ರೆಂಡು, ನಮ್ಮ ಏರಿಯಾ ಹುಡುಗ. ಪರಿಚಯ ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಪರಿಚಯ ಇದ್ರೆ ಪ್ರಶ್ನೆ ಕೇಳೋಕೆ ಇನ್ನೂ ಸಲೀಸಾಗಬೇಕು ತಾನೇ? ನಮ್ಮಲ್ಲಿ ಉಲ್ಟಾ. ಪರಿಚಯ ಅಂದ್ರೆ ದಾಕ್ಷಿಣ್ಯ. ಬಿಲ್ ಕೇಳೋಕೆ ಸಂಕೋಚ, ವೈರ್ ತೋರಿಸಿ ಅನ್ನೋಕೆ ನಾಚಿಕೆ. ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತ ಗಾದೆ ಸುಮ್ನೆ ಮಾಡಿಲ್ಲ.

ಎರಡು, ಈ ಆ್ಯಪಲ್ಲಿ ಕಾಣೋ ಪೇಜುಗಳು. ಹೊಗೆ, ಲೇಸರ್, ಸ್ಲೋ ಮೋಷನ್ ರೀಲ್ಸ್. ಆ ವಿಡಿಯೋ ಅವರದ್ದೇ ಅಂತ ಯಾರು ಹೇಳಿದ್ರು? ತುಂಬಾ 'ಇವೆಂಟ್' ಪೇಜುಗಳ ಹತ್ರ ಒಂದು ಕುರ್ಚಿನೂ ಇರಲ್ಲ. ನಿಮ್ಮ ಹತ್ರ ಒಂದು ರೇಟ್ ತಗೊಂಡು, ಅದೇ ಊರಿನ ಶಾಮಿಯಾನ ಅಂಗಡಿಗೆ ಅದಕ್ಕಿಂತ ಕಮ್ಮಿಗೆ ದಾಟಿಸ್ತಾರೆ. ದಾಟಿಸೋದು ತಪ್ಪಲ್ಲ. ಆದ್ರೆ ಕಂಬ ಬಿದ್ದಾಗ ಯಾರನ್ನ ಹಿಡೀತೀರಾ? ಅದಕ್ಕೇ ಮೊದಲೇ ಕೇಳಿ: "ಸಾಮಾನು ನಿಮ್ಮದೇನಾ? ಗೋಡೌನ್ ಎಲ್ಲಿದೆ? ನಾಳೆ ಬಂದು ನೋಡ್ಬಹುದಾ?" ಬನ್ನಿ ಅಂದವರ ಹತ್ರ ಹೋಗಿ ನೋಡಿ. ಯಾಕೆ, ಏನು, ಟೈಮಿಲ್ಲ ಅಂದವರನ್ನ ಬಿಡಿ.

ಬರೀ ಪೇಜ್ ನೋಡಿ "ಬುಕಿಂಗ್ ಅಮೌಂಟ್" ಕಳಿಸೋದಂತೂ ಬೇಡ್ವೇ ಬೇಡ. ಕಳಿಸುವಾಗ ಯುಪಿಐಯಲ್ಲಿ ಬರೋ ಹೆಸರಿಗೂ ಅಂಗಡಿ ಹೆಸರಿಗೂ ಸಂಬಂಧ ಇದೆಯಾ ನೋಡಿ. ದುಡ್ಡು ಹೋಗಿ ನಂಬರ್ ಬ್ಲಾಕ್ ಆದ್ರೆ ಅಳ್ತಾ ಕೂರ್ಬೇಡಿ, ತಕ್ಷಣ 1930ಕ್ಕೆ ಕಾಲ್ ಮಾಡಿ. ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು.

ಮೂರು, ಜಿಎಸ್‌ಟಿ ನಂಬರ್. 15 ಅಕ್ಷರ, ಕರ್ನಾಟಕದ್ದಾದ್ರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲಲ್ಲಿ ಹಾಕಿದ್ರೆ ಹೆಸರು ಬರುತ್ತೆ. ನೋಡಿ. ಆದ್ರೆ ಅದಿಲ್ಲ ಅಂದ ಮಾತ್ರಕ್ಕೆ ಕಳ್ಳ ಅಲ್ಲ. ಸೇವೆ ಕೊಡೋ ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟಿದ್ರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯ ಇಲ್ಲ. ಅಪ್ಪ ಮಗ ಸೇರಿ ನಡೆಸೋ ಚಿಕ್ಕ ಅಂಗಡಿ, ರಸೀದಿ ಪುಸ್ತಕ ಇಟ್ಟು, ಒಳ್ಳೇ ವೈರ್ ಇಟ್ಟು ಕೆಲಸ ಮಾಡೋದು ಎಷ್ಟೋ ಇದೆ. ಅಂಥವರ ಹತ್ರ ಹೋಗಿ.

7/10

ಬಾಯಿಮಾತು ಬೇಡ, ಬರವಣಿಗೆ ಬೇಕು.

"20 ಸಾವಿರಕ್ಕೆ ಎಲ್ಲಾ ಮಾಡ್ಕೊಡ್ತೀನಿ" ಅನ್ನೋದ್ರಲ್ಲಿ 'ಎಲ್ಲಾ' ಅಂದ್ರೆ ಏನು? ಕಾರ್ಯಕ್ರಮದ ದಿನ ಗೊತ್ತಾಗುತ್ತೆ. ಡೀಸೆಲ್ ಬೇರೆ. ಟೆಂಪೋ ಬಾಡಿಗೆ ಬೇರೆ. ಆಪರೇಟರ್ ಬಾಟಾ ಬೇರೆ. ಎರಡೇ ಮೈಕ್ ಹೇಳಿದ್ದು, ಮೂರನೇದಕ್ಕೆ ಎಕ್ಸ್‌ಟ್ರಾ. ಒಂಬತ್ತು ಗಂಟೆ ದಾಟಿದ್ರೆ ಎರಡನೇ ದಿನದ ಬಾಡಿಗೆ. ಸ್ಟೇಜ್ ಮುಂದೆ ಎಚ್‌ಒಡಿ ಕೂತಿರುವಾಗ ಜಗಳ ಆಡೋಕಾಗುತ್ತಾ? ಕೊಡ್ತೀರಾ. ಅದು ಅವರಿಗೂ ಗೊತ್ತು.

ಅದಕ್ಕೇ ವಾಟ್ಸಾಪಲ್ಲಾದ್ರೂ ಸರಿ, ಇಷ್ಟು ಬರೆಸ್ಕೊಳ್ಳಿ:

• ಯಾವ ಸಾಮಾನು, ಎಷ್ಟು. 'ಸೌಂಡ್ ಸೆಟ್' ಅಲ್ಲ. ಎಷ್ಟು ಟಾಪ್, ಎಷ್ಟು ಬೇಸ್, ಎಷ್ಟು ಕಾರ್ಡ್‌ಲೆಸ್ ಮೈಕ್
• ಎಷ್ಟು ಗಂಟೆಗೆ ಕಟ್ಟಿ ಮುಗಿಸ್ತಾರೆ. ತರೋದು ಎಷ್ಟೊತ್ತಿಗೆ ಅಂತಲ್ಲ, ಮುಗಿಸೋದು
• ಬಾಡಿಗೆ ಯಾವಾಗಿಂದ ಯಾವಾಗಿನವರೆಗೆ
• ಸಾಗಣೆ, ಡೀಸೆಲ್, ಕೂಲಿ, ಬಾಟಾ ಸೇರಿದೆಯಾ
• ಜನರೇಟರ್ ಕೈಕೊಟ್ರೆ ಬದಲಿ ಏನು
• ಮಳೆ ಬಂದ್ರೆ, ಡೇಟ್ ಬದಲಾದ್ರೆ ಅಡ್ವಾನ್ಸ್ ಕಥೆ ಏನು
• ಒಡೆದ್ರೆ, ಕಳೆದ್ರೆ ಯಾವುದಕ್ಕೆ ಎಷ್ಟು

ದುಡ್ಡನ್ನ ಮೂರು ಕಂತಲ್ಲಿ ಕೊಡಿ. ಬುಕ್ ಮಾಡುವಾಗ ಸ್ವಲ್ಪ, ಕಟ್ಟಿ ಮುಗಿಸಿ ಮೈಕ್ ಟೆಸ್ಟ್ ಆದ್ಮೇಲೆ ಹೆಚ್ಚಿನ ಭಾಗ, ಬಿಚ್ಚಿದ ಮೇಲೆ ಉಳಿದದ್ದು. ಪೂರ್ತಿ ಮೊದಲೇ ಕೇಳೋರಿಗೆ ನಮಸ್ಕಾರ ಹೇಳಿ.

ಬಿಲ್ ಕೇಳೋದು ಅವಮಾನ ಮಾಡಿದ ಹಾಗಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಕೊಟ್ಟ ಸೇವೆಗೆ ಬಿಲ್ಲೋ ರಸೀದಿಯೋ ಕೊಡದೆ ಇರೋದನ್ನ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆದಿದ್ದಾರೆ. ಮೋಸ ಆದ್ರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ರೆ ದೂರು ಕೊಡೋಕೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ಕೊಡಬೇಕು. ಆದ್ರೆ ಅಲ್ಲಿ ಮೊದಲು ಕೇಳೋದೇ ಕಾಗದ.

8/10

ಡೆಪಾಸಿಟ್ ಅನ್ನೋ ಆಟ.

ಹೋಗುವಾಗ 200 ಕುರ್ಚಿ ಅಂದ್ರು. ಯಾರೂ ಎಣಿಸಲಿಲ್ಲ. ರಾತ್ರಿ ಹನ್ನೊಂದಕ್ಕೆ, ಎಲ್ಲರೂ ಅಳ್ತಾ ತಬ್ಬಿಕೊಳ್ತಾ ಇರುವಾಗ, ಟೆಂಪೋದವರು ಬಂದು "193 ಇದೆ, ಏಳು ಕಮ್ಮಿ" ಅಂತಾರೆ. ಮೊದಲೇ ಬಂದಿದ್ದೇ 193 ಅಂತ ಹೇಗೆ ಸಾಬೀತು ಮಾಡ್ತೀರಾ? ಹೋದ ವರ್ಷ ನಮ್ಮ ಕಾಲೇಜಲ್ಲೇ ಒಂದು ಬ್ಯಾಚಿನ ಡೆಪಾಸಿಟ್ ಹೀಗೇ ಕರಗಿತು. ಐದು ವರ್ಷ ಬಿಸಿಲಲ್ಲಿ ಬೆಂದು ಕಾಲು ಸೀಳಿದ್ದ ಕುರ್ಚಿಗೆ ಹೊಸ ಕುರ್ಚಿಯ ರೇಟು ಹಿಡಿದರು. ಆ ದುಡ್ಡಲ್ಲಿ ಹಾಸ್ಟೆಲ್ ಹುಡುಗರ ಪಾಲೂ ಇತ್ತು. ಮೆಸ್ ಬಿಲ್ ಕಟ್ಟೋಕೆ ಒದ್ದಾಡೋರು ಅವರು.

ಕಾನೂನು ಏನು ಹೇಳುತ್ತೆ? ಬಾಡಿಗೆಗೆ ತಗೊಂಡ ವಸ್ತುವನ್ನ ನಮ್ಮ ಸ್ವಂತ ವಸ್ತುವಿನಷ್ಟೇ ಎಚ್ಚರಿಕೆಯಿಂದ ನೋಡ್ಕೋಬೇಕು. ಅದು ನಮ್ಮ ಕರ್ತವ್ಯ, ಕರಾರು ಕಾಯ್ದೆಯ ಸೆಕ್ಷನ್ 151. ಹಾಗೆ ನೋಡ್ಕೊಂಡೂ ಹಾಳಾದ್ರೆ, ಬೇರೆ ವಿಶೇಷ ಒಪ್ಪಂದ ಇಲ್ಲದಿದ್ರೆ, ನಾವು ಹೊಣೆ ಅಲ್ಲ, ಸೆಕ್ಷನ್ 152. 'ಲೇಟಾದ್ರೆ ಡಬಲ್ ಬಾಡಿಗೆ' ಅಂತ ಬರೆದಿದ್ರೂ ಕೋರ್ಟ್ ಕೊಡಿಸೋದು ನ್ಯಾಯವಾದ ಪರಿಹಾರ ಮಾತ್ರ, ಸೆಕ್ಷನ್ 74. ಗ್ರಾಹಕ ಕಾಯ್ದೆಯಂತೂ ಮಿತಿಮೀರಿದ ಡೆಪಾಸಿಟ್ ಕೇಳೋ ಕರಾರನ್ನ 'ಅನ್ಯಾಯದ ಕರಾರು' ಅನ್ನೋ ಪಟ್ಟಿಗೇ ಸೇರಿಸಿದೆ.

'ವಿಶೇಷ ಒಪ್ಪಂದ ಇಲ್ಲದಿದ್ರೆ' ಅನ್ನೋ ಮಾತಿಗೆ ಅಡಿಗೆರೆ ಹಾಕಿ. ಓದದೆ ಸೈನ್ ಹಾಕಿದ ಹಳದಿ ಚೀಟಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇರೋದೇ ಅದು.

ಮಾಡಬೇಕಾದ್ದು ಸುಲಭ. ಇಳಿಸುವಾಗ ಇಬ್ಬರು ನಿಂತು ಎಣಿಸಿ. ಒಡೆದಿರೋದನ್ನ, ಸ್ಕ್ರ್ಯಾಚ್ ಆಗಿರೋ ಸ್ಪೀಕರನ್ನ ವಿಡಿಯೋ ಮಾಡಿ, ಅಲ್ಲೇ ಅವರಿಗೆ ವಾಟ್ಸಾಪ್ ಮಾಡಿ. ವಾಪಸ್ ತುಂಬುವಾಗಲೂ ಎಣಿಸಿ. ದಿನಕ್ಕೆ ನಲವತ್ತು ಸ್ಟೋರಿ ಹಾಕೋರಿಗೆ ಎರಡು ನಿಮಿಷದ ವಿಡಿಯೋ ಕಷ್ಟ ಆಗಲ್ಲ.

9/10

ಈಗ ನಮ್ಮ ಕಡೆಗೆ ಬರೋಣ. ಇದುವರೆಗೂ ತಲೆ ಆಡಿಸ್ತಾ ಇದ್ದವರು ಇಲ್ಲಿ ನನ್ನ ಅನ್‌ಫಾಲೋ ಮಾಡಬಹುದು.

ಒಳ್ಳೇ ಬಾಡಿಗೆಯವರು ಸಿಗಲ್ಲ ಅಂತ ಗೋಳಾಡ್ತೀವಲ್ಲ, ನಾವು ಒಳ್ಳೇ ಗಿರಾಕಿಗಳಾ?

ಎರಡು ಸಾವಿರ ಇಳಿಸಿದೆ ಅಂತ ಮೀಸೆ ತಿರುವಿದಿರಿ. ಆ ಎರಡು ಸಾವಿರ ಎಲ್ಲಿಂದ ಹೋಯ್ತು? ಅಂಗಡಿಯವರು ತಮ್ಮ ಮನೆಯಿಂದ ಕೊಡಲ್ಲ. ನಾಲ್ಕು ಹುಡುಗರು ಬರೋ ಕಡೆ ಇಬ್ಬರು ಬಂದರು. ಎಲೆಕ್ಟ್ರಿಷಿಯನ್ ಬದಲು "ಇವನಿಗೂ ಗೊತ್ತು ಸಾರ್" ಅನ್ನೋ ಹುಡುಗ ಬಂದ. ಅರ್ಥಿಂಗ್ ರಾಡ್ ಗೋಡೌನಲ್ಲೇ ಉಳೀತು. ಚೌಕಾಸಿ ಮಾಡಿ, ಮಾಡಬೇಕು. ಆದ್ರೆ ಲೈಟ್ ಕಮ್ಮಿ ಮಾಡಿ, ಹೊಗೆ ಮಷಿನ್ ಬಿಡಿ, ಎಲ್‌ಇಡಿ ವಾಲ್ ಬಿಡಿ. ವೈರಿನ ಮೇಲೆ, ಕೂಲಿ ಮೇಲೆ ಚೌಕಾಸಿ ಬೇಡ.

ಬೆಳಗ್ಗೆಯಿಂದ ಕಂಬ ಹತ್ತಿ ಇಳಿಯೋ ಹುಡುಗರ ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಗ್ಲೌಸ್ ಇದೆಯಾ ಅಂತ ಯಾವತ್ತಾದ್ರೂ ನೋಡಿದೀರಾ? ಕರೆಂಟಿಗೆ ಮೊದಲು ಸಿಗೋದು ಅವರು. ಇನ್ನೂರು ಪ್ಲೇಟ್ ಊಟ ಆರ್ಡರ್ ಮಾಡ್ತೀವಿ. ಅದ್ರಲ್ಲಿ ಅವರ ಆರು ಪ್ಲೇಟ್ ಇರಲ್ಲ. ತನ್ನ ಕೆಲಸದವರನ್ನ ಹೇಗೆ ಇಟ್ಕೊಂಡಿದ್ದಾನೆ ಅನ್ನೋದು ಒಬ್ಬ ಮಾಲೀಕನ ಬಗ್ಗೆ ಎಲ್ಲಾ ಹೇಳುತ್ತೆ. ನಮ್ಮ ಬಗ್ಗೆಯೂ ಹೇಳುತ್ತೆ.

ಮತ್ತೆ ರಾತ್ರಿ ಹತ್ತು ಗಂಟೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಸರ್ಕಾರ ವಿನಾಯಿತಿ ಕೊಟ್ಟ ಹಬ್ಬದ ದಿನ ಬೇರೆ ಮಾತು. ಹಗಲಲ್ಲೂ ಲಿಖಿತ ಅನುಮತಿ ಬೇಕು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಹತ್ತಕ್ಕೆ ಸೌಂಡ್ ಇಳಿಸಿದ ಆಪರೇಟರ್‌ಗೆ "ಇನ್ನೊಂದ್ ಸಾಂಗ್ ಅಣ್ಣಾ" ಅಂತ ಗಲಾಟೆ ಮಾಡೋದು ಯಾರು? ಪೊಲೀಸ್ ಬಂದಾಗ ಜಪ್ತಿ ಆಗೋದು ಅವರ ಸಾಮಾನು, ನಮ್ಮ ಶೂ ಅಲ್ಲ.

ನನ್ನ ಹತ್ರ ಒಂದು ಪರೀಕ್ಷೆ ಇದೆ. ಬುಕ್ ಮಾಡುವಾಗಲೇ ಕೇಳಿ: "ಹತ್ತಾದ್ಮೇಲೂ ಹಾಕ್ತೀರಾ?" "ಅದೆಲ್ಲಾ ನಾನ್ ನೋಡ್ಕೋತೀನಿ" ಅಂದವರನ್ನ ಬಿಡಿ. "ಆಗಲ್ಲ, ಒಂಬತ್ತೂವರೆಗೆ ಮುಗಿಸ್ಕೊಳ್ಳಿ" ಅಂದವರನ್ನ ಹಿಡ್ಕೊಳ್ಳಿ. ನಿಮಗೆ ಇಷ್ಟ ಆಗದೇ ಇರೋದನ್ನ ಮುಖಕ್ಕೆ ಹೇಳಿ ಗಿರಾಕಿ ಕಳ್ಕೊಳ್ಳೋಕೆ ತಯಾರಿರೋರು ವೈರ್ ವಿಷಯದಲ್ಲೂ ಸುಳ್ಳು ಹೇಳೋದು ಕಮ್ಮಿ.

10/10

ಡಿಎಂಗೆ ಬರೋ ಮಾತುಗಳಿಗೆ ಈಗಲೇ ಉತ್ತರ.

"ಇಷ್ಟೆಲ್ಲಾ ಕೇಳಿದ್ರೆ ಯಾರೂ ಬಾಡಿಗೆಗೆ ಕೊಡಲ್ಲ." ಕೊಡ್ತಾರೆ. ಗೊತ್ತಿರೋ ಗಿರಾಕಿ ಅಂದ್ರೆ ಕೆಲಸ ಗೊತ್ತಿರೋರಿಗೆ ಖುಷಿನೇ. ಸಿಟ್ಟಾಗೋದು ಉತ್ತರ ಇಲ್ಲದವರು. ಅವರು ಬರದಿದ್ರೆ ಒಳ್ಳೇದೇ ಆಯ್ತು.

"ಬಜೆಟ್ ಇಲ್ಲ." ಹಾಗಾದ್ರೆ ಚಿಕ್ಕದಾಗಿ ಮಾಡಿ. ಕಾಲೇಜಿನ ಸೆಮಿನಾರ್ ಹಾಲಲ್ಲಿ, ಇರೋ ಮೈಕಲ್ಲಿ, ಇರೋ ಕುರ್ಚೀಲಿ ಮಾಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಟ್ರಸ್ ಇಲ್ಲದ ಫೇರ್‌ವೆಲ್ ಕೂಡ ಫೇರ್‌ವೆಲ್ಲೇ. ಪೂರ್ತಿ ದುಡ್ಡಿಲ್ಲದೆ ದೊಡ್ಡ ಸ್ಟೇಜ್ ಹಾಕಿಸೋದು ಬಡತನ ಅಲ್ಲ, ಶೋಕಿ.

"ನೀನು ಹುಡುಗರ ಮೇಲೆ ಎಲ್ಲಾ ಹೊರಿಸ್ತಿದೀಯ." ಇಲ್ಲ. ಕಾಲೇಜಿನವರಿಗೂ ಇದೆ. "ಕಾರ್ಯಕ್ರಮದ ಸಂಪೂರ್ಣ ಜವಾಬ್ದಾರಿ ವಿದ್ಯಾರ್ಥಿಗಳದ್ದು" ಅಂತ ಸರ್ಕ್ಯುಲರ್ ಹಾಕಿ, ಅಂದು ಸಂಜೆ ಮುಂದಿನ ಸಾಲಿನ ಸೋಫಾದಲ್ಲಿ ಬಂದು ಕೂರೋದು ನ್ಯಾಯ ಅಲ್ಲ. ಜಾಗ ನಿಮ್ಮದು, ಕರೆಂಟ್ ನಿಮ್ಮದು, ಮಕ್ಕಳನ್ನ ನಂಬಿ ಕಳಿಸಿರೋ ಅಪ್ಪ ಅಮ್ಮ ನಂಬಿರೋದು ನಿಮ್ಮನ್ನ. ಕಾಲೇಜಿನ ಎಲೆಕ್ಟ್ರಿಷಿಯನ್ ಬಂದು ನೋಡಿ ಸೈನ್ ಹಾಕದೆ ಮೇನ್ ಸ್ವಿಚ್ ಆನ್ ಆಗಬಾರದು. ಇದನ್ನ ಕೇಳೋಕೆ ಪ್ರಿನ್ಸಿಪಾಲರ ಚೇಂಬರಿಗೆ ಕ್ಲಾಸ್ ರೆಪ್‌ಗಳು ಒಟ್ಟಿಗೆ ಹೋಗೋಣ. ಡ್ರೆಸ್ ಕೋಡ್ ಚರ್ಚೆ ಮಾಡೋಕೆ ಹೋಗ್ತೀವಲ್ಲ, ಹಾಗೆ.

ಕೊನೆಗೆ ಹತ್ತು ಪ್ರಶ್ನೆ. ಸ್ಕ್ರೀನ್‌ಶಾಟ್ ತಗೊಳ್ಳಿ, ಬುಕಿಂಗ್ ಮಾಡೋನಿಗೆ ಕಳಿಸಿ:

1. ಸಾಮಾನು ನಿಮ್ಮದೇನಾ? ನೋಡ್ಬಹುದಾ?
2. ಆರ್‌ಸಿಸಿಬಿ ಇದೆಯಾ? ನಮ್ಮ ಮುಂದೆ ಬಟನ್ ಒತ್ತಿ ತೋರಿಸ್ತೀರಾ?
3. ಅರ್ಥಿಂಗ್ ಮಾಡ್ತೀರಾ?
4. ಕಟ್ಟೋ ಜಾಗದ ಮೇಲೆ ಕರೆಂಟ್ ತಂತಿ ಇದೆಯಾ ನೋಡಿದ್ರಾ?
5. ಗಾಳಿ ಮಳೆಗೆ ಏನು ವ್ಯವಸ್ಥೆ?
6. ಹೊರಗೆ ಹೋಗೋಕೆ ಎಷ್ಟು ದಾರಿ ಬಿಡ್ತೀರಾ?
7. ಎಲೆಕ್ಟ್ರಿಷಿಯನ್ ಕೊನೇವರೆಗೂ ಇರ್ತಾರಾ?
8. ರೇಟಲ್ಲಿ ಏನೇನು ಸೇರಿದೆ? ಬರೆದು ಕೊಡ್ತೀರಾ?
9. ಡ್ಯಾಮೇಜ್ ರೇಟ್ ಲಿಸ್ಟ್ ಕೊಡ್ತೀರಾ?
10. ನಿಮ್ಮ ಹುಡುಗರು ಎಷ್ಟು ಜನ? ಊಟಕ್ಕೆ ಎಷ್ಟು ಪ್ಲೇಟ್ ಹೇಳ್ಲಿ?

ಇದೆಲ್ಲಾ ಆದ್ಮೇಲೆ ಹನ್ನೊಂದನೇ ಪ್ರಶ್ನೆಯಾಗಿ ಧಾರಾಳವಾಗಿ ಕೇಳಿ, "ಅಣ್ಣಾ, ಲಾಸ್ಟ್ ಎಷ್ಟು?"

ನಿಮ್ಮ ಊರಲ್ಲಿ ಈ ಹತ್ತಕ್ಕೂ ನೆಟ್ಟಗೆ ಉತ್ತರ ಕೊಡೋ ಅಂಗಡಿ ಇದ್ರೆ ಕಾಮೆಂಟಲ್ಲಿ ಹೆಸರು ಹಾಕಿ. ಒಳ್ಳೇ ಕೆಲಸ ಮಾಡೋರಿಗೆ ನಾಲ್ಕು ಬುಕಿಂಗ್ ಜಾಸ್ತಿ ಬರಲಿ. ಬೈಯೋಕೆ ಮಾತ್ರ ಕಾಮೆಂಟ್ ಬಾಕ್ಸ್ ಇರೋದಲ್ಲ.

ಸೇವ್ ಮಾಡ್ಕೊಳ್ಳಿ. ಜೂನಿಯರ್ಸ್‌ಗೆ ಕಳಿಸಿ. ಮುಂದಿನ ವರ್ಷ ದುಡ್ಡು ಎತ್ತೋರು ಅವರೇ.

#ಫೇರ್‌ವೆಲ್ #ಕಾಲೇಜ್‌ಫೆಸ್ಟ್ #ಶಾಮಿಯಾನ #ಲಾಸ್ಟ್‌ಎಷ್ಟು #ಏನೂಆಗಲ್ಲಅನ್ಬೇಡಿ